ಪದ್ಮಕುಮಾರನ ಸೂರ್ಯಾಸ್ತದ ಬೆಲ್ಲು

ಕಂಪ್ಯೂಟರ್ ರಿಪೇರಿಯವನೆಂದರೆ ನಮ್ಮ ಸೀಮೆಯ ಜನ ಮಂತ್ರವಾದಿಯ ಸಾಲಿಗೆ ಸೇರಿಸುತ್ತಿದ್ದ ಕಾಲ ಅದು, ಎರಡು ಸಾವಿರದ ಎರಡನೇ ಇಸವಿ. ನನ್ನ ಕಣ್ಣಿಗೆ ಮಾತ್ರ ಜಿನನಾಥಪುರದ ಪದ್ಮಕುಮಾರ್ ಕತ್ತೆ ಚಾಕರಿ ಮಾಡುವ ಮನುಷ್ಯನಾಗಿಯೇ ಕಂಡ. ಅವನಿಗೆ ಚನ್ನರಾಯಪಟ್ಟಣದ ಒಂದು ಅಂಗಡಿಯಲ್ಲಿ ಕೆಲಸ. ನಾನು ಅಲ್ಲೇ ಬ್ಯಾಂಕಿನ ಗುಮಾಸ್ತ. ಬೆಳಿಗ್ಗೆ ಏಳರ ಬಸ್ಸಿನಲ್ಲಿ ಇಬ್ಬರದೂ ಒಂದೇ ಸೀಟು.

ಅವನಿಗೆ ಒಂದು ದಿನ ಹೊಳೆನರಸೀಪುರದ ಕಚೇರಿ, ಇನ್ನೊಂದು ದಿನ ಅರಕಲಗೂಡಿನ ಕಾಲೇಜು, ನಡುವೆ ಹಾಸನಕ್ಕೆ ಓಡಿ ಬಿಡಿಭಾಗ ತರಬೇಕು. ಎಲ್ಲಿ ಹೋದರೂ ಅದೇ ರೋಗ: ಧೂಳು, ವೋಲ್ಟೇಜು, ಡಬ್ಬದೊಳಗೆ ಸತ್ತು ಒಣಗಿದ ಹಲ್ಲಿ. ಅವನ ಬ್ಯಾಗಿನಲ್ಲಿ ತಿಂಗಳು ತಡವಾಗಿ ಸಿಗುವ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದು ಸದಾ ಇರುತ್ತಿತ್ತು. ಅದನ್ನು ಬಿಡಿಸಿ, "ಒಸಾ ಪ್ರೊಸೆಸರ್ ಎರಡು ಗಿಗಾಹರ್ಟ್ಸ್ ದಾಟ್ಬುಡ್ತಂತೆ ಸಾ" ಅನ್ನುತ್ತಿದ್ದ. "ನಮ್ಮ ಬ್ಯಾಂಕಿನದು ಆನ್ ಆಗುವಷ್ಟರಲ್ಲಿ ನಾನು ಕಾಫಿ ಕುಡಿದು ಬರ್ತೀನಿ ಕಣಯ್ಯ" ಎಂದು ನಾನು ರೇಗಿಸುತ್ತಿದ್ದೆ. ನಕ್ಕು, ಆ ಪುಟದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ.

ಮನೆಯಲ್ಲಿ ಅವನು, ತಾಯಿ ಚಕ್ರೇಶ್ವರಮ್ಮ, ಇಬ್ಬರೇ. ಆಕೆಗೆ ಒಂದು ಕಣ್ಣಿನ ಆಪರೇಷನ್ ಕೈಕೊಟ್ಟಿತ್ತು, ಇನ್ನೊಂದಕ್ಕೆ ಒಪ್ಪಿರಲಿಲ್ಲ. ಹಗಲು ಮಂಕು, ಸಂಜೆಯೂ ಮಂಕು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೊತ್ತು ಮುಳುಗಿತೋ ಏನೋ ಎಂಬ ಅನುಮಾನಕ್ಕೇ ಎಷ್ಟೋ ದಿನ ಬಡಿಸಿಕೊಂಡ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು. ಮಗ ಮನೆ ಸೇರುವುದೇ ಎಂಟು ದಾಟಿದ ಮೇಲೆ, ಹೇಳುವವರು ಯಾರು?

ಅದಕ್ಕೇ ಆ ವರ್ಷದ ಬೇಸಿಗೆಯಲ್ಲಿ ಪದ್ಮಕುಮಾರ್ ಬೆಲ್ಲು ಮಾಡಿದ್ದು. ಪತ್ರಿಕೆಯಲ್ಲಿ ಬಂದಿದ್ದ ನಕ್ಷೆ, ಬ್ಯಾಟರಿ, ಬೆಳಕನ್ನು ಗುರುತಿಸುವ ಅವರೆಕಾಳಿನಷ್ಟು ದೊಡ್ಡ ಒಂದು ಬಿಲ್ಲೆ. ನಾಲ್ಕು ಭಾನುವಾರ ಕಾದ ಕಡ್ಡಿ ಹಿಡಿದು ಬೆಸುಗೆ ಹಾಕಿ, ಬಿಲ್ಲೆಯನ್ನು ಪಡುವಣ ಕಿಟಕಿಗೆ ಕೂರಿಸಿದ. ಬೆಳಕು ಇಳಿಯುತ್ತಲೇ ಪಿರ್ರ್ ಎಂದು ಬಡಿದುಕೊಳ್ಳುತ್ತಿತ್ತು. ಬಡಿಯುವವರೆಗೆ ಧೈರ್ಯವಾಗಿ ಉಣ್ಣಬಹುದು. ತಾಯಿ ಹಿಗ್ಗಿ, ಬಸದಿಗೆ ಹೋಗಿ, ಬೆಲ್ಲಾದ ಮೇಲೆ ಒಂದಗುಳೂ ಮುಟ್ಟುವುದಿಲ್ಲವೆಂದು ನೇಮ ತೆಗೆದುಕೊಂಡು ಬಂದರು. ಚೈತ್ರ, ವೈಶಾಖ ಚೆನ್ನಾಗಿಯೇ ಕಳೆದವು.

ಆಷಾಢಕ್ಕೆ ಅರಕಲಗೂಡಿನ ಕಾಲೇಜಿಗೆ ಇಪ್ಪತ್ತು ಕಂಪ್ಯೂಟರ್ ಜೋಡಿಸುವ ಕೆಲಸ ಬಂತು. ಭಾನುವಾರವೂ ಅವನ ಕೈತಪ್ಪಿತು. ತಾಯಿ ಸೊರಗುತ್ತಿದ್ದಾರೆಂದು ಡಾಕ್ಟರಿಗೆ ತೋರಿಸಿದ. ರಕ್ತ ಕಮ್ಮಿ ಅಂತ ಅವರು ಟಾನಿಕ್ ಬರೆದುಕೊಟ್ಟರು. "ವಯಸ್ಸಾಯ್ತಲ್ಲ ಸಾ" ಎಂದ ನನಗೆ. ನಾನೂ ಹೂಂಗುಟ್ಟಿದೆ, ದಡ್ಡ.

ಒಂದು ಬುಧವಾರ ಕಾಲೇಜಿನಲ್ಲಿ ಮಧ್ಯಾಹ್ನಕ್ಕೇ ಕರೆಂಟು ಹೋಗಿ ಅವನು ಬೇಗ ಹಿಂದಿರುಗಿದ. ನಾನು ಹಲ್ಲುನೋವಿಗೆ ಅರ್ಧ ದಿನ ರಜೆ ಹಾಕಿದ್ದೆ. ಬಸ್ಸಿನಲ್ಲಿ ಸಿಕ್ಕಿದವನು, "ಬನ್ನಿ ಸಾ, ನಮ್ ಬೆಲ್ಲು ನೋಡೀರಂತೆ" ಎಂದು ಎಳೆದುಕೊಂಡು ಹೋದ. ನಾಲ್ಕೂವರೆ ಇರಬಹುದು, ಆಕಾಶ ಮಸಿ ಬಳಿದ ಹಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೇವೆ, ತಾಯಿ ಒಳಗೆ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದರು. ಪಿರ್ರ್ ಎಂದಿತು. ಅವರು ಕಲಸಿದ ತುತ್ತನ್ನು ಹಾಗೇ ತಟ್ಟೆಗೆ ಬಿಟ್ಟು, ಗೋಡೆ ಹಿಡಿದು ಎದ್ದು, ಕೈ ತೊಳೆಯಲು ಹೊರಟರು.

"ಅವ್ವ, ಅದು ಮೋಡ ಕಣವ್ವ! ಒತ್ತಿನ್ನೂ ಐತೆ!" ಪದ್ಮಕುಮಾರ್ ಕೂಗಿಕೊಂಡ. ನಿಂತಲ್ಲೇ ಅವನಿಗೆ ಎಲ್ಲ ಅರ್ಥವಾಗಿತ್ತು. ಮೋಡ ಕವಿದರೂ ಬಿಲ್ಲೆಗೆ ಕತ್ತಲೆಯೇ.

"ಗೊತ್ತು ಕಣಪ್ಪ. ಇಸ್ಕೂಲ್ ಬಿಟ್ ಮಕ್ಳು ಈಗ್ತಾನೆ ಬೀದೀಲಿ ಬಂದ್ವು. ಇಷ್ಟೊತ್ಗೆಲ್ಲಾ ಎಲ್ಲಿ ಮುಳುಗ್ತದೆ?"

"ಮತ್ತೆ ಯಾಕ್ ಎದ್ದೆ?"

"ಬೆಲ್ಲಾದ್ಮೇಲೆ ಮುಟ್ಟಲ್ಲ ಅಂತ ಅಲ್ವಾ ನೇಮ?"

"ಎಷ್ಟ್ ದಿನದಿಂದ ಇಂಗೆ?"

"ಮೋಡ ಕಟ್ಟಿದ್ ದಿನ ಎಲ್ಲಾ."

ಪದ್ಮಕುಮಾರ್ ಕಿಟಕಿಗೆ ಹೋಗಿ ತಂತಿಯನ್ನು ಕಿತ್ತೆಸೆದ. "ಕೆಟ್ಟದೆ ಅಂತ ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ?"

ತಾಯಿ ಕಂಬಕ್ಕೆ ಒರಗಿ ಕೂತರು. "ಏಳಿದ್ರೆ ನೀನು ಸುಮ್ಕಿರ್ತಿದ್ಯಾ? ದುಡ್ಕಂಡ್ ಬಂದು ಮತ್ತೆ ಆ ಕಾದ ಕಡ್ಡಿ ಇಡ್ಕಂಡು ಕೂತ್ಕಂತಿದ್ದೆ. ಮೆಟ್ಲತ್ತುವಾಗ ನಿನ್ ಉಸ್ರು ನಂಗೆ ಒಳಕ್ಕೇ ಕೇಳುಸ್ತದೆ ಮಗ. ಒಂದೊತ್ತಿನ ಊಟ ತಾನೆ, ಓಗ್ಲಿ ಅಂದ್ಕಂಡೆ."

ನನಗೆ ಹಲ್ಲುನೋವು ಇತ್ತೆಂಬುದೇ ಮರೆತುಹೋಗಿತ್ತು. ಅವನು ತಾಯಿಯ ಕಾಲ ಬಳಿ ಕುಸಿದು ಕೂತ.

"ದಿನಾ ಬಂದು ಬೆಲ್ಲು ಬಡೀತಾ ಅಂತ ಕೇಳ್ದೆ. ಉಂಡ್ಯಾ ಅಂತ ಒಂದ್ ದಿವ್ಸನೂ ಕೇಳ್ಲಿಲ್ವಲ್ಲವ್ವ ನಾನು."

ತಾಯಿ ಅವನ ತಲೆಯನ್ನು ತಡವಿ ಹುಡುಕಿ ಕೈಯಿಟ್ಟರು.

"ಕೇಳಿದ್ರೆ ಏಳ್ತಿದ್ದೆ ಕಣಪ್ಪ" ಅಂದರು.