ಹುಳುಮನೆಯ ಗೋಡೆಗೆ ಒರಗಿಸಿದ ಸುಣ್ಣ

೧೯೭೯ರ ಬೇಸಿಗೆ. ಆಗ ನಾನು ಕೋಲಾರದ ಸುತ್ತಮುತ್ತ ಗಾರೆ ಮೇಸ್ತ್ರಿ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನನ್ನ ಗೋಡೆಗೆ ತೂಗುಗುಂಡು ಬಿಟ್ಟು ತಪ್ಪು ಹಿಡಿದ ಇಂಜಿನಿಯರ್ ಒಬ್ಬನೂ ಇಲ್ಲ.

ಹೋಳೂರಿನಲ್ಲಿ ನಾರಾಯಣಪ್ಪ, ಮುನಿಯಮ್ಮ ದಂಪತಿಯ ಮನೆಗೆ ಒಂದು ಕೋಣೆ ಸೇರಿಸುತ್ತಿದ್ದೆ. ಪಕ್ಕದಲ್ಲೇ ಅವರ ರೇಷ್ಮೆ ಹುಳುಮನೆ. ಇನ್ನೆರಡು ದಿನದಲ್ಲಿ ಹುಳು ಗೂಡು ಕಟ್ಟುವಂತಿತ್ತು. ಅಷ್ಟರಲ್ಲಿ ಸುಟ್ಟ ಸುಣ್ಣದ ಕಲ್ಲು ಏಳು ಚೀಲ ಗಾಡಿಯಲ್ಲಿ ಬಂತು. ನೆಲದ ತೇವ ತಗಲದಿರಲೆಂದು ಹುಲ್ಲು ಹಾಸಿ, ಹುಳುಮನೆಯ ಗೋಡೆಗೆ ಒರಗಿಸಿ ಸೂರಿನ ಕೆಳಗೆ ಇಳಿಸಿದೆ.

ಮಧ್ಯಾಹ್ನ ಅರ್ಧ ಗಂಟೆ ಜೋರು ಮಳೆ. ಹೆಂಚಿನ ನೀರು ನೇರ ಚೀಲಗಳ ಮೇಲೆ. ಮಳೆ ನಿಲ್ಲುವಷ್ಟರಲ್ಲಿ ಚೀಲ ಉಬ್ಬಿ ಬಿರಿದು ಆವಿ ಏಳುತ್ತಿತ್ತು. ಅಡಿಯ ಹುಲ್ಲಿನಿಂದ ಹೊಗೆ. ಮುನಿಯಮ್ಮ ಬಿಂದಿಗೆ ಹೊತ್ತು ಓಡಿಬಂದರು.

“ಅಕ್ಕಾ, ನೀರು ಹಾಕ್ಬೇಡಿ.”

“ಬೆಂಕಿಗೆ ನೀರಾಕ್ದೆ ಹಾಲಾಕ್ತಾರಾ ಮೇಸ್ತ್ರಿ? ಒಳಗೆ ನನ್ ಹುಳ ಬೆಂದೋಗ್ತವೆ.”

“ಬೇಯಿಸ್ತಿರೋದೇ ನೀರು ಕಣಕ್ಕಾ. ಕೊಟ್ಟಿಗೆಯಿಂದ ಒಣ ಮಣ್ಣು ತನ್ನಿ.”

ಭಟ್ಟಿಯಲ್ಲಿ ಸುಡುವಾಗ ಸುಣ್ಣದ ಕಲ್ಲು ಶಾಖ ಹೀರಿಕೊಳ್ಳುತ್ತದೆ. ನೀರು ಸೇರಿ ಅರಳುವಾಗ ಅದರಲ್ಲೊಂದು ಪಾಲು ಹೊರಗೆ ಬರುತ್ತದೆ. ಇದಕ್ಕೆ ಎಕ್ಸೋಥರ್ಮಿಕ್ ರಿಯಾಕ್ಷನ್ ಅನ್ನುತ್ತಾರೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಸುಣ್ಣ ಅರಳಿಸುವ ಗುಂಡಿಯ ತುಂಬ ನೀರಿದ್ದರೆ ಆ ಶಾಖವನ್ನು ನೀರೇ ನುಂಗುತ್ತದೆ. ಒಂದೆರಡು ಬಿಂದಿಗೆ ಸುರಿದರೆ ಕಾವು ಏರುತ್ತಲೇ ಹೋಗುತ್ತದೆ.

ಗುದ್ದಲಿಯಿಂದ ಚೀಲಗಳನ್ನು ಎಳೆದು ಬಯಲಿಗೆ ಹರಡಿದೆ, ಹುಲ್ಲಿನ ಮೇಲೆ ಮಣ್ಣು ಮುಚ್ಚಿದೆ. ಗೋಡೆ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ಒಳಗೆ ಮುನಿಯಮ್ಮ ಬಿದಿರಿನ ತಟ್ಟೆಗಳನ್ನು ಒಂದೊಂದಾಗಿ ಆಚೆ ಬದಿಗೆ ಸಾಗಿಸಿದರು. ಗೋಡೆಗೆ ತಾಗಿದ್ದ ಮೂರು ತಟ್ಟೆಯ ಹುಳು ಸತ್ತವು. ಉಳಿದವು ಬದುಕಿದವು.

ಸಂಜೆ ನಾರಾಯಣಪ್ಪ ತೋಟದಿಂದ ಬಂದು ಕರಕಲು ಹುಲ್ಲನ್ನು ನೋಡಿದರು. “ಗಾಡಿಯೋನು ಅಲ್ಲಾಕಿ ಹೋದ್ನಾ?”

ಗಾಡಿಯವನು ಎದುರಿಗಿರಲಿಲ್ಲ. ಹೌದೆನ್ನಲು ಬಾಯಿ ತೆರೆದಿತ್ತು.

“ಇಲ್ಲ. ನಾನೇ ಇಳಿಸಿದ್ದು.”

ಅವರು ಸತ್ತ ಹುಳುವಿನ ತಟ್ಟೆಗಳನ್ನು ತಿಪ್ಪೆಗೆ ಕೊಡವಿ ಬಂದರು. ಆಮೇಲೆ ಕೇಳಿದರು: “ನಾಳೆ ಎಷ್ಟೊತ್ತಿಗೆ ಬರ್ತೀರಾ?”

ಏಳಕ್ಕೇ ಹೋದೆ. ಕೋಣೆ ಮುಗಿಸಿಕೊಟ್ಟೆ.

ಸುಣ್ಣದ ಗುಣ ನನ್ನ ಕೈಗೆ ಹನ್ನೆರಡನೇ ವಯಸ್ಸಿಗೇ ಗೊತ್ತಿತ್ತು. ಗೊತ್ತಿದೆ ಎಂಬ ಧೈರ್ಯಕ್ಕೇ ತಲೆ ಎತ್ತಿ ಸೂರನ್ನು ನೋಡಿರಲಿಲ್ಲ. ಹೊಸಬನಾಗಿದ್ದರೆ ನೋಡುತ್ತಿದ್ದೆನೋ ಏನೋ.