ಅಕ್ಕನ ಭರಣಿಗೆ ನಾನು ತಂದ ಭಾರ

ಕಾರ್ಕಳದ ಅಕ್ಕನ ಮನೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ದೊಡ್ಡ ಭರಣಿ ಇತ್ತು. ಸೊಳೆ ತುಂಬಿ, ಉಪ್ಪು ಬೆರೆಸಿ, ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಭಾರ ಇಡಬೇಕು. ಭಾರ ಸರಿಯಾಗಿ ಕೂತರೆ ಸೊಳೆ ನೀರು ಬಿಟ್ಟುಕೊಂಡು ಅದರಲ್ಲೇ ಮುಳುಗಿ ಮಳೆಗಾಲವಿಡೀ ಕೆಡದೆ ಇರುತ್ತದೆ. ಆ ಭಾರಕ್ಕೆ ಅಕ್ಕನ ಅತ್ತೆಯ ಕಾಲದ ಒಂದು ಕರಿಕಲ್ಲು ಇತ್ತು. ಅದನ್ನು ನಾನು ಭಾವನ ಟೆಂಪೋ ಜಾರದಂತೆ ಚಕ್ರಕ್ಕೆ ಕೊಟ್ಟೆ. ಟೆಂಪೋ ಜಾರಿತು, ಕಲ್ಲು ಎರಡಾಯಿತು.

"ಅತ್ತೆ ಹೋದರೂ ಕಲ್ಲು ಉಳಿದಿತ್ತು. ಅದನ್ನೂ ಕಳಿಸಿದೆಯಲ್ಲ," ಎಂದಳು ಅಕ್ಕ. "ಇನ್ನು ನೀನೇ ಒಂದು ತಂದು ಕೊಡಬೇಕು ಮಾರಾಯ."

ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಬೋಟಿಗೆ ಹೋದವನು. ಮನೆ ಕಾಪುವಿನಲ್ಲಿ, ಬೋಟು ಮಲ್ಪೆಯಲ್ಲಿ. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವ ಮೊದಲಿನ ಕೊನೆಯ ಟ್ರಿಪ್ಪಿನಲ್ಲಿ ಬಲೆ ಎಳೆದಾಗ ಮೀನಿನ ನಡುವೆ ಮೂರು ಕಬ್ಬಿಣದ ತುಂಡು ಬಂದವು. ತೆಂಗಿನಕಾಯಿಗಿಂತ ಸ್ವಲ್ಪ ಉದ್ದ, ಒಂದು ತುದಿ ಚೂಪು, ಮೈಯೆಲ್ಲ ತುಕ್ಕು. ಬೋಟು ನಡೆಸುವ ತಂಡೇಲರು ಕಾಲಿನಿಂದ ಮುಟ್ಟಿ ನೋಡಿದರು.

"ಎಂತದೋ ಹಳೇ ಮಿಲಿಟರಿ ಸಾಮಾನು. ಪೊಲೀಸರಿಗೆ ಹೇಳಿದರೆ ಬೋಟು ಕಟ್ಟಿ ಹಾಕ್ತಾರೆ. ಬಿಸಾಡು ನೀರಿಗೆ."

ಎರಡನ್ನು ನಾನೇ ಬಿಸಾಡಿದೆ. ಮೂರನೆಯದನ್ನು ಎತ್ತಿದಾಗ ಅದರ ತೂಕ ಕೈಗೆ ಹಿತವಾಗಿತ್ತು. ಅಕ್ಕನ ಭರಣಿಯ ಬಾಯಿಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಮಿಲಿಟರಿ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ ಎಂದು ಹೇಳಲಾರೆ. ಇಷ್ಟು ಕಾಲ ನೀರಿನಲ್ಲಿ ನೆನೆದ ಪಟಾಕಿ ಹೊಟ್ಟುವುದುಂಟೇ ಎಂದುಕೊಂಡು, ಅದನ್ನು ಗೋಣಿಚೀಲದಲ್ಲಿ ಸುತ್ತಿಟ್ಟೆ.

ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿ ಅದನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮಣಿಪಾಲದಲ್ಲಿ ಹತ್ತಿದ ಕಾಲೇಜಿನ ಹುಡುಗಿ ನನ್ನ ಪಕ್ಕ ಕೂತವಳು ಮೂಗು ಮುಚ್ಚಿಕೊಂಡು ಎದ್ದಳು.

"ಚೀಲದಲ್ಲಿ ಮೀನಾ?" ಎಂದು ಕಂಡಕ್ಟರ್ ಕೇಳಿದ.

"ಅಲ್ಲ, ಅಕ್ಕನಿಗೆ ಒಂದು ಭಾರ."

"ಕಾಲಡಿ ಇಡಿ ಮಾರಾಯ್ರೆ, ಬ್ರೇಕ್ ಹಾಕಿದರೆ ಯಾರ ತಲೆ ಮೇಲಾದರೂ ಬೀಳ್ತದೆ."

ಇಳಿಯುವವರೆಗೂ ನನಗಿದ್ದ ಭಯ ಒಂದೇ, ಅದು ನನ್ನ ಹೆಬ್ಬೆರಳ ಮೇಲೆ ಬೀಳಬಾರದು ಎಂಬುದು.

ಅಕ್ಕ ಅದನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಹಲಗೆಯ ಮೇಲೆ ಇಟ್ಟಳು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. "ಹುಟ್ಟಿದ ಮೇಲೆ ಇದೇ ಮೊದಲು ನೀನು ತಲೆ ಉಪಯೋಗಿಸಿದ್ದು," ಎಂದು ಹೊಗಳಿ ಎರಡು ತುಂಡು ಮೀನು ಹೆಚ್ಚು ಬಡಿಸಿದಳು.

ಜುಲೈಯಲ್ಲಿ ಕಾಪುವಿನಲ್ಲಿ ಮೀನುಗಾರರಿಗೆ ಒಂದು ಸಭೆ ಇತ್ತು. ಚಹಾ, ಬನ್ಸ್ ಉಂಟು ಎಂದು ಹೋದೆ. ಕರಾವಳಿ ಪೊಲೀಸ್ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸಿದರು. ಹಳೆಯ ಕಾಲದಲ್ಲಿ ಬೇಡವಾದ ಬಾಂಬು, ಗುಂಡುಗಳನ್ನು ಕೆಲವು ಕಡೆ ಸಮುದ್ರಕ್ಕೆ ಸುರಿದಿದ್ದಾರಂತೆ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಒಳಗಿನ ವಿಷ ನೀರಿಗೆ ಸೋರುತ್ತದೆ, ಮೀನಿಗೆ ಸೇರುತ್ತದೆ. ಹಳೆಯದಾದಷ್ಟೂ ನಂಬಬಾರದು, ಮುಟ್ಟಿದರೆ ಸಿಡಿಯಲೂಬಹುದು. ನಾಲ್ಕನೆಯ ಚಿತ್ರದಲ್ಲಿ ಅಕ್ಕನ ಭರಣಿಯ ಮೇಲಿದ್ದದ್ದೇ ಇತ್ತು. ಅರ್ಧ ಬನ್ಸ್ ಕುರ್ಚಿಯ ಮೇಲೇ ಬಿಟ್ಟು ಎದ್ದೆ.

ಹೊರಗೆ ಬಂದು ಫೋನ್ ಮಾಡಿದೆ. "ಅಕ್ಕ, ಭರಣಿ ತೆಗೆದೆಯಾ?"

"ಇಲ್ಲ. ಎಂತ, ಬಾಯಿ ಚಪಲವಾ?"

"ತೆಗೀಬೇಡ. ಮುಟ್ಟಬೇಡ. ನಾನು ಬರ್ತೇನೆ."

"ಅಷ್ಟು ಆಸೆಯಾದರೆ ಈಗಲೇ ತೆಗೆದು ಹುರಿದು ಇಡ್ತೇನೆ. ಭಾರ ಎತ್ತಲಿಕ್ಕೆ ನಿನ್ನ ಭಾವ ಇದ್ದಾರೆ."

"ಬೇಡ! ಅದು ಬಾಂಬು!"

ಆ ಕಡೆ ಅಕ್ಕ ಭಾವನಿಗೆ ಹೇಳಿದ್ದು ಕೇಳಿತು. "ಕೇಳಿದಿರಾ? ನನ್ನ ತಮ್ಮ ಬಾಂಬು ತಂದು ಕೊಟ್ಟಿದ್ದಾನಂತೆ." ಭಾವ ಚಪ್ಪಲಿ ಬಿಟ್ಟು ಓಡಿದ್ದೂ ಕೇಳಿತು.

ನಾನು ಒಳಗೆ ಹೋಗಿ ಅದೇ ಅಧಿಕಾರಿಗೆ ಹೇಳಿದೆ. ಅವರ ಜೀಪಿನಲ್ಲೇ ಕಾರ್ಕಳಕ್ಕೆ ಹೋದೆ. ಅಕ್ಕ, ಭಾವ, ದನ, ಮೂವರೂ ರಸ್ತೆಯಲ್ಲಿ ಒಂದೇ ಕೊಡೆಯ ಹತ್ತಿರ ನಿಂತಿದ್ದರು. ಬಾಂಬು ತಜ್ಞರು ಬಂದು ನೋಡಿ, "ಹೊಟ್ಟೆ ತೂತಾಗಿದೆ. ಒಳಗಿದ್ದದ್ದು ಬಹಳಷ್ಟು ಸೋರಿ ಹೋಗಿದೆ," ಎಂದರು.

"ಎಲ್ಲಿಗೆ? ಸಮುದ್ರಕ್ಕಾ, ನನ್ನ ಭರಣಿಗಾ?" ಎಂದು ಅಕ್ಕ ಕೇಳಿದಳು.

"ಪರೀಕ್ಷೆ ಮಾಡಿ ಹೇಳಬೇಕಮ್ಮ. ಯಾರಾದರೂ ತಿಂದಿದ್ದೀರಾ?"

"ಭರಣಿ ಬಾಯಿ ಬಿಚ್ಚಲೇ ಇಲ್ಲ," ಎಂದಳು ಅಕ್ಕ. ಅವಳ ಹಿಂದೆ ಭಾವ ಮೆಲ್ಲನೆ ಕೈ ಎತ್ತಿದರು. ಅಕ್ಕ ಸೊಸೈಟಿಗೆ ಹೋದಾಗೆಲ್ಲ ಹಲಗೆ ಓರೆ ಮಾಡಿ ನಾಲ್ಕು ಸೊಳೆ ತೆಗೆದು ಹುರಿದು ತಿನ್ನುತ್ತಿದ್ದರಂತೆ.

ಭಾವನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಕ್ಕ ದಾರಿಯುದ್ದಕ್ಕೂ ಒಮ್ಮೆ ಬೈದಳು, ಒಮ್ಮೆ ಅತ್ತಳು. ಬೈದದ್ದು ಭಾವನಿಗೆ, ಅಳುವಾಗ ನೋಡಿದ್ದು ನನ್ನನ್ನು. ಸದ್ಯಕ್ಕೆ ತೊಂದರೆ ಕಾಣುವುದಿಲ್ಲ, ಮತ್ತೆ ತೋರಿಸಿ ಎಂದರು ಡಾಕ್ಟರು. ಅದಕ್ಕೆ ಮೊದಲು, ನಮ್ಮ ಜೊತೆ ಆಸ್ಪತ್ರೆಗೆ ಬಂದಿದ್ದ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ಬಲೆಗೆ ಬಂದದ್ದು ಇದೊಂದೇ ತಾನೆ?" ಎಂದು ಕೇಳಿದರು.

"ಒಂದೇ ಸಾರ್," ಎಂದೆ.

ತಂಡೇಲರ ಮುಖ, ಕಟ್ಟಿ ಹಾಕಿದ ಬೋಟು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದಿತ್ತು. ಭಾವ ಒಳಗೆ ಪರೀಕ್ಷೆಗೆ ರಕ್ತ ಕೊಡುತ್ತಿದ್ದಾಗ ನಾನು ಹೊರಗೆ ನಿಂತು ಹೇಳಿದ ಸುಳ್ಳು ಅದು.

ಬೋಟುಗಳು ಮತ್ತೆ ಇಳಿಯುವ ದಿನ ಹತ್ತಿರ ಬಂತು. ಅಕ್ಕ ಫೋನ್ ಮಾಡಿದಳು. "ಭರಣಿಯನ್ನಂತೂ ಪೊಲೀಸರು ತಕೊಂಡು ಹೋದರು. ಹೊಸ ಬಂಗುಡೆಯಾದರೂ ತಾ. ಸಮುದ್ರದ್ದು ಶುದ್ಧ, ಅಲ್ವಾ?"

ಹೌದು ಎನ್ನಲು ಬಾಯಿ ತೆರೆದವನು ಇನ್ನೆರಡನ್ನು ನೀರಿಗೆ ಹಾಕಿದ್ದನ್ನು ಹೇಳಿಬಿಟ್ಟೆ.

"ಎಲ್ಲಿ ಹಾಕಿದ್ದು?"

"ನಾವು ಯಾವಾಗಲೂ ಬಲೆ ಬಿಡುವಲ್ಲಿ."

"ಆ ಮೀನು ತಿನ್ನುವವರೆಲ್ಲ ನಿನ್ನ ಭಾವನ ಹಾಗೆ ಕಳ್ಳತನದಲ್ಲಿ ತಿಂದವರಾ, ಶಿಕ್ಷೆ ಅನುಭವಿಸಲಿಕ್ಕೆ? ಹೋಗಿ ಹೇಳು. ಹೇಳುವವರೆಗೆ ಈ ಮನೆಗೆ ಮೀನೂ ಬೇಡ, ನೀನೂ ಬೇಡ."

ಠಾಣೆಗೆ ಹೋಗಿ ಹೇಳುತ್ತೇನೆ ಎಂದದ್ದಕ್ಕೆ ತಂಡೇಲರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ, ಜಾಗ ಗುರುತು ಹಾಕಿದ ಜಿಪಿಎಸ್ ಹಿಡಿದುಕೊಂಡು ಅವರೇ ಗೊಣಗುತ್ತ ನನ್ನ ಜೊತೆ ಠಾಣೆಗೆ ಬಂದರು. ಅಲ್ಲಿಂದ ನೇರ ಕಾರ್ಕಳಕ್ಕೆ ಹೋಗುವುದಿತ್ತು, ಹಾಗಾಗಿ ಗೋಣಿಚೀಲವೂ ಹೆಗಲ ಮೇಲಿತ್ತು. ಅಧಿಕಾರಿ ನನ್ನನ್ನು ಕಂಡವರೇ ಕುರ್ಚಿಯಿಂದ ಎದ್ದರು.

"ಚೀಲದಲ್ಲಿ ಏನಿದೆ?"

"ಕಲ್ಲು ಸಾರ್, ಅಕ್ಕನ ಹೊಸ ಭರಣಿಗೆ."

"ಹೊರಗೆ ಇಟ್ಟು ಬಾ," ಎಂದರು.