ಬಾಗಿಲಲ್ಲ, ತಂತಿ ನೋಡುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಗಾಡಿ ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಕಂಬದ ಬುಡದಲ್ಲಿ ನಿಂತ ಹೆಂಗಸೊಬ್ಬರು ಕತ್ತೆತ್ತಿ ಮೇಲೆ ನೋಡುತ್ತಾರೆ. ಒಂದು ತಂತಿಯನ್ನು ಆಯ್ದುಕೊಂಡು, ಅದರಿಂದ ಕಣ್ಣು ಕೀಳದೆ ನಡೆಯತೊಡಗುತ್ತಾರೆ. ತಂತಿ ಒಂದು ಮನೆಯ ಸಜ್ಜಾ ದಾಟಿ ನೀರಿನ ಟ್ಯಾಂಕಿನ ಹಿಂದೆ ಮರೆಯಾಗುತ್ತದೆ. ಅವರೂ ಸಂದಿಯೊಳಗೆ ಮರೆಯಾಗುತ್ತಾರೆ. ಆಚೆ ಬದಿಯಿಂದ ದನಿ ಮಾತ್ರ ಕೇಳುತ್ತದೆ: "ಸಿಕ್ತು! ಹಳದಿ ಗೇಟಿನ ಮನೆಗೆ ಹೋಗಿದ್ದಾನೆ. ಎಲಾ ಇವನ, ಎಲ್ಲೆಲ್ಲಿ ಸುತ್ತಿ ಬಂದಿದ್ದಾನೆ ನೋಡಿ!"

ಬೈದದ್ದು ತಂತಿಗೆ. ಬಡಾವಣೆಯ ಮಕ್ಕಳು ಇವರನ್ನು ತಂತಿಯಕ್ಕ ಎಂದೇ ಕರೆಯುತ್ತಾರೆ. ವಿದ್ಯುತ್ ಕಂಪನಿ ಕೊಟ್ಟ ಗುರುತಿನ ಚೀಟಿಯಲ್ಲಿ ಇವರ ಹುದ್ದೆಗೆ ಮಾರುದ್ದದ ಹೆಸರಿದೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ಬರುತ್ತದೆ. ಹೆಸರು ಉದ್ದವಾದರೂ ಕೆಲಸ ಒಂದೇ ಮಾತಿನದು. ಯಾವ ಮನೆಗೆ ಯಾವ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಬರುತ್ತದೆಂದು ನಡೆದು ನೋಡಿ, ಕೈಯಲ್ಲಿರುವ ಫೋನಿನ ನಕ್ಷೆಯಲ್ಲಿ ಗುರುತು ಹಾಕಬೇಕು.

"ಬಿಸಿಲೇರಿದ್ರೆ ಮೇಲೆ ನೋಡೋಕಾಗಲ್ಲ, ಕಣ್ಣು ಕುಕ್ಕುತ್ತೆ. ಅದಕ್ಕೇ ಬೇಗ ಬರ್ತೀನಿ" ಎನ್ನುತ್ತಾರೆ. "ಮೇಲೆ ನೋಡ್ಕೊಂಡು ನಡೆದು ಚರಂಡಿಗೂ ಬಿದ್ದಿದ್ದೀನಿ. ಒಂದ್ಸಲ ಒಬ್ರು ನನ್ನನ್ನ ಕಳ್ಳಿ ಅಂತ ಹಿಡ್ಕೊಂಡ್ರು. ನಸುಕಲ್ಲಿ ಅವರ ಮನೆ ತಾರಸಿ ನೋಡ್ತಾ ನಿಂತಿದ್ದೆ. ಪಾಪ, ಅವರದೇನು ತಪ್ಪು ಹೇಳಿ?"

ಈಗ ಎಲ್ಲೆಲ್ಲೂ ಸ್ಮಾರ್ಟ್ ಗ್ರಿಡ್ಡಿನದೇ ಮಾತು. ಜಾಣ ವಿದ್ಯುತ್ ಜಾಲ ಎಂದರೆ ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ನಾನೂ ತಿಳಿದಿದ್ದೆ. ಅದು ಸುಳ್ಳೂ ಅಲ್ಲ. ಕರೆಂಟು ಹೋದರೆ ಮನೆಯ ಮೀಟರು ತಾನೇ "ನನಗೆ ಕರೆಂಟಿಲ್ಲ" ಎಂದು ಸುದ್ದಿ ಕಳಿಸುತ್ತದೆ. ಲೈನು ಎಲ್ಲಿ ತುಂಡಾಗಿದೆಯೆಂದು ಕಂಪ್ಯೂಟರು ಲೆಕ್ಕ ಹಾಕಿ, ಕೆಟ್ಟ ಭಾಗವನ್ನು ಬೇರೆ ಮಾಡಿ, ಉಳಿದವರಿಗೆ ಇನ್ನೊಂದು ಕಡೆಯಿಂದ ಕರೆಂಟು ತಿರುಗಿಸುತ್ತದೆ. ಎಲ್ಲರಿಗೂ ಸಾಲದಿದ್ದರೆ ಯಾರಿಗೆ ಮೊದಲು ಎನ್ನುವುದನ್ನೂ ಅದೇ ತೀರ್ಮಾನಿಸುತ್ತದೆ. ಆದರೆ ಯಾರು ಯಾವ ತಂತಿಯ ತುದಿಯಲ್ಲಿದ್ದಾರೆ ಎಂಬುದನ್ನು ಅದಕ್ಕೆ ಮೊದಲು ಯಾರಾದರೂ ಹೇಳಿಕೊಡಬೇಕು. ಆ ಹೇಳಿಕೊಡುವವರೇ ನಮ್ಮ ತಂತಿಯಕ್ಕ.

ಮೊದಲು ಇವರು ಮನೆಮನೆಗೆ ಹೋಗಿ ಮೀಟರು ಓದುತ್ತಿದ್ದವರು. ಗಂಡ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಾರೆ. ಮಗಳು ದಾದಿಯ ತರಬೇತಿಯಲ್ಲಿದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆ ನಡೆಯುತ್ತಿದ್ದದ್ದು ಇಬ್ಬರ ದುಡಿಮೆಯಿಂದ. ಹಾಗಿರುವಾಗ ತಾನೇ ಸುದ್ದಿ ಕಳಿಸುವ ಮೀಟರು ಬಂತು. ಓದುವವರು ಯಾರಿಗೆ ಬೇಕು?

"ನನ್ನ ಅನ್ನ ಕಿತ್ಕೊಳ್ಳೋಕೆ ಬಂದ ಡಬ್ಬ ಅಂತ ಅದಕ್ಕೆ ದಿನಾ ಶಾಪ ಹಾಕ್ತಿದ್ದೆ" ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ನಮ್ಮಲ್ಲಿ ಎಷ್ಟೋ ಜನ ಕೆಲಸ ಬಿಟ್ರು. ನಾನು ಉಳಿದಿದ್ದು ಹೇಗೆ ಅಂದ್ರೆ, ಮನೆಗಳೆಲ್ಲ ಬಾಯಿಪಾಠ ಇತ್ತಲ್ಲ, ಅದಕ್ಕೆ. ಯಾವ ಮನೆ ನಾಯಿ ಕಚ್ಚುತ್ತೆ, ಯಾವುದು ಬರೀ ಬೊಗಳುತ್ತೆ, ಎಲ್ಲ ಗೊತ್ತಿತ್ತು."

ಆದರೆ ಆ ಬಾಯಿಪಾಠವೇ ಒಂದು ದಿನ ಕೈಕೊಟ್ಟಿತು. ಮೀಟರು ಓದುವವರಿಗೆ ಮನೆಯೆಂದರೆ ಬಾಗಿಲು. ಬಾಗಿಲು ಯಾವ ಬೀದಿಗೋ ಮನೆಯೂ ಆ ಬೀದಿಗೆ. ಹೊಸ ಕೆಲಸದ ಶುರುವಿನಲ್ಲಿ ಇವರು ಮೂಲೆಮನೆಯೊಂದನ್ನು ಹಳೇ ರೂಢಿಯಂತೆ ಬಾಗಿಲು ನೋಡಿ ದೊಡ್ಡ ಬೀದಿಯ ಲೆಕ್ಕಕ್ಕೆ ಸೇರಿಸಿದರು. ಆ ಮನೆಗೆ ಕರೆಂಟು ಬರುತ್ತಿದ್ದದ್ದು ಹಿತ್ತಲಿನ ಓಣಿಯಿಂದ.

ಮನೆ ಒಬ್ಬ ದರ್ಜಿಯದು. ಶ್ವಾಸಕೋಶ ಸೋತು ಆಮ್ಲಜನಕದ ಯಂತ್ರ ಹಚ್ಚಿಕೊಂಡೇ ಇರಬೇಕಾದವರು. ಹೊಲಿಗೆ ಈಗ ಹೆಂಡತಿಯದು. ಇಂಥ ಮನೆಗಳಿಗೆ ಮೊದಲು ಕರೆಂಟು ಸಿಗಲೆಂದು ಕಂಪ್ಯೂಟರಿನಲ್ಲಿ ಕೆಂಪು ಗುರುತು ಇರುತ್ತದೆ. ಅದನ್ನು ಅಕ್ಕನೇ ಹಾಕಿದ್ದರು, ತಪ್ಪು ಬೀದಿಯಲ್ಲಿ.

ಒಂದು ಮಧ್ಯಾಹ್ನ ಬೀಸಿದ ಗಾಳಿಗೆ ಮರದ ಕೊಂಬೆ ಮುರಿದು ಲೈನಿನ ಮೇಲೆ ಬಿತ್ತು. ಪಕ್ಕದ ಲೈನಿಗೆ ಎಲ್ಲರನ್ನೂ ಹೊರುವ ಶಕ್ತಿಯಿರಲಿಲ್ಲ. ಕಂಪ್ಯೂಟರು ಕೆಂಪು ಗುರುತಿದ್ದ ದೊಡ್ಡ ಬೀದಿಯನ್ನು ಉಳಿಸಿ, ಹಿತ್ತಲಿನ ಓಣಿಯನ್ನು ಕಾಯಲು ಬಿಟ್ಟಿತು. ದರ್ಜಿಯ ಯಂತ್ರ ಕೂಗಿಕೊಂಡಿತು. ಅದರೊಳಗಿನ ಬ್ಯಾಟರಿ ಹಳೆಯದು, ಹೆಚ್ಚು ಹೊತ್ತು ತಾಳುವಂಥದ್ದಲ್ಲ. ಹೆಂಡತಿ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿ, ಎದೆ ನೀವುತ್ತ ಕೂತಿದ್ದರು.

ಅದೇ ಹೊತ್ತಿಗೆ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರಿಗೆ ಒಂದು ವಿಚಿತ್ರ ಕಾಣಿಸಿತು. ಬೀದಿಯೆಲ್ಲ ಬೆಳಗುತ್ತಿದೆ, ಅದರಲ್ಲಿ ಒಂದೇ ಒಂದು ಮೀಟರು ಕರೆಂಟಿಲ್ಲ ಎನ್ನುತ್ತಿದೆ. ಸಾಮಾನ್ಯವಾಗಿ ಇಂಥದ್ದನ್ನು ಮೀಟರು ಕೆಟ್ಟಿದೆ ಎಂದು ಮರುದಿನದ ಕೆಲಸಕ್ಕೆ ದಾಟಿಸುತ್ತಾರಂತೆ. ಕೆಂಪು ಗುರುತು ಕಂಡು ಅವರು ಹಾಗೆ ಮಾಡದೆ ಅಕ್ಕನಿಗೆ ಫೋನು ಹಚ್ಚಿದರು. ಅಕ್ಕ ಊಟಕ್ಕೆ ಕೂತಿದ್ದರು.

"ಮೀಟರ್ ಕೆಟ್ಟಿದೆಯೇನಮ್ಮಾ ಅಂತ ಕೇಳಿದ್ರು. ಹೌದು ಸರ್ ಅಂದಿದ್ರೆ ಆಗ್ತಿತ್ತು. ನನ್ನನ್ನ ಯಾರೂ ಏನೂ ಕೇಳ್ತಿರ್ಲಿಲ್ಲ" ಎಂದು ಹೇಳುವಾಗ ಅಕ್ಕನ ದನಿ ತಗ್ಗುತ್ತದೆ. "ಆದ್ರೆ ಆ ಮನೆ ಹಿತ್ತಲು ಕಣ್ಣಮುಂದೆ ಬಂತು. ಬಟ್ಟೆ ಒಗೆಯೋ ಕಲ್ಲು, ಅದರ ಮೇಲೆ ಇಳಿಬಿದ್ದಿರೋ ತಂತಿ. ಮೀಟರ್ ಸರಿಯಾಗೇ ಹೇಳ್ತಿದೆ ಸರ್, ನಾನೇ ತಪ್ಪು ಬರೆದಿದ್ದೀನಿ, ಹಿಂದಿನ ಓಣಿಗೆ ಕರೆಂಟ್ ಕೊಡಿ, ಬೇಗ ಕೊಡಿ ಅಂದೆ."

ಎಂಜಿನಿಯರು ಕೂಡಲೇ ಕರೆಂಟನ್ನು ಓಣಿಗೆ ತಿರುಗಿಸಿದರು. ಅಕ್ಕ ಕೈ ತೊಳೆಯದೆ ಓಡಿ, ದರ್ಜಿಯ ಮನೆ ತಲುಪುವಷ್ಟರಲ್ಲಿ ಯಂತ್ರ ಮತ್ತೆ ಉಸಿರು ಕೊಡುತ್ತಿತ್ತು. ದರ್ಜಿಯ ಹೆಂಡತಿಗೆ ಆಗಲೇ, ನಿಂತ ಕಾಲಲ್ಲೇ, ನಡೆದದ್ದನ್ನೆಲ್ಲ ಹೇಳಿಬಿಟ್ಟರು.

"ಬೈದ್ರಾ?" ಎಂದು ಕೇಳಿದೆ.

"ಬೈದ್ರು. ಹೊಟ್ಟೆತುಂಬ ಬೈದ್ರು. ಆಮೇಲೆ, ಅನ್ನ ಮೆತ್ಕೊಂಡಿರೋ ಕೈಯಲ್ಲಿ ನಿಂತಿದ್ದೀಯಲ್ಲೇ, ಮೊದಲು ಕೈ ತೊಳ್ಕೋ ಹೋಗು ಅಂದ್ರು."

ದರ್ಜಿಯ ಮನೆಯ ಕೆಂಪು ಗುರುತನ್ನು ಓಣಿಗೆ ಸರಿಸಿ, ತಾವು ಗುರುತು ಹಾಕಿದ್ದ ಮನೆಗಳನ್ನೆಲ್ಲ ಅಕ್ಕ ಮತ್ತೆ ಮೊದಲಿಂದ ನಡೆದು ನೋಡಿದರು. ಈಗ ಇವರ ಗುಂಪಿಗೆ ಹೊಸಬರು ಬಂದರೆ ಮೊದಲ ಪಾಠವೇ ಇದು: ಬಾಗಿಲು ನೋಡಬೇಡಿ, ತಂತಿ ನೋಡಿ. ಆ ಎಂಜಿನಿಯರನ್ನೂ ಭೇಟಿಯಾದೆ. ಜಾಲವನ್ನು ಜಾಣ ಮಾಡುವುದು ಏನು ಎಂದು ದೊಡ್ಡ ಉತ್ತರದ ಆಸೆಯಿಂದ ಕೇಳಿದೆ. "ಯಂತ್ರ ಬೇಕು ಸರ್, ಇಲ್ಲ ಅನ್ನಲ್ಲ" ಎಂದರು. "ಆದ್ರೆ ಅವತ್ತು ಆಯಮ್ಮ ಒಂದು ಗಳಿಗೆ ತಡವರಿಸಿದ್ರೂ ನನ್ನ ಯಂತ್ರ ಏನೂ ಮಾಡೋಕಾಗ್ತಿರ್ಲಿಲ್ಲ. ನನ್ನದೇ ತಪ್ಪು ಅಂತ ಅಷ್ಟು ಬೇಗ ಹೇಳೋರು ಎಷ್ಟು ಜನ ಸಿಗ್ತಾರೆ?" ಫೋನು ಹಚ್ಚಿದ ಅವರಿಗೂ ನಿಜ ಹೇಳಿದ ಅಕ್ಕನಿಗೂ ನಾನು ಮನಸಾರೆ ಕೃತಜ್ಞ. ಸ್ವಿಚ್ಚು ಒತ್ತಿ ದೀಪ ಹೊತ್ತಿದಾಗ ಇಂಥವರ ನೆನಪು ನಮಗೆ ಬರುವುದಿಲ್ಲ. ಬರಬೇಕಿತ್ತು.

ಮಾತು ಮುಗಿಯುವಾಗ ಬಿಸಿಲೇರಿದೆ. ಅಕ್ಕ ನನ್ನನ್ನು ದರ್ಜಿಯ ಮನೆಗೆ ಕರೆದೊಯ್ಯುತ್ತಾರೆ, ಹಿತ್ತಲ ಬಾಗಿಲಿನಿಂದಲೇ. "ಇವಳು ಮುಂಬಾಗಿಲಿಂದ ಬಂದಿದ್ದೇ ಇಲ್ಲ ನೋಡಿ" ಎಂದು ದರ್ಜಿಯ ಹೆಂಡತಿ ಛೇಡಿಸುತ್ತಾರೆ. ದರ್ಜಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಕೂತು ಅಂಗಿಯೊಂದಕ್ಕೆ ಕಾಜ ಹಾಕುತ್ತಿದ್ದಾರೆ. ಅಷ್ಟು ಕೆಲಸಕ್ಕೆ ಉಸಿರು ಸಾಕಂತೆ.

"ಮೊನ್ನೆ ಗಾಳಿ ಬಂತಲ್ಲ, ಕರೆಂಟ್ ಹೋಗಿತ್ತಾ ಅಮ್ಮಾ?" ಎಂದು ಅಕ್ಕ ಏನೂ ಅರಿಯದವರಂತೆ ಕೇಳುತ್ತಾರೆ.

"ಇಲ್ವಲ್ಲೇ. ಮಿಷನ್ನು ಒಂದ್ಸಲ ಪೀ ಅಂದ ಹಾಗಾಯ್ತು. ತಿರುಗಿ ನೋಡೋಷ್ಟರಲ್ಲಿ ಸುಮ್ಮನಾಗಿತ್ತು. ಯಾಕೆ, ಹೋಗ್ಬೇಕಿತ್ತಾ?"

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಓಣಿಗೆ ಬಂದ ಮೇಲೆ ತಡೆಯಲಾರದೆ ನಗುತ್ತಾರೆ, ಕಣ್ಣಂಚು ಒದ್ದೆಯಾಗುವಷ್ಟು.

"ಲೈನ್ ತುಂಡಾಗಿತ್ತು ಸರ್. ಅವತ್ತಿನ ಥರಾನೇ, ಅದೇ ಜಾಗದಲ್ಲಿ" ಎನ್ನುತ್ತಾರೆ. "ಅವರಿಗೆ ಗೊತ್ತೇ ಆಗಿಲ್ಲ ನೋಡಿ!"